ಹಣ ಹೊರಗಿನದು, ತೀರ್ಮಾನ ಯಾರದು?

ದುಬೈನಲ್ಲಿ ವ್ಯಾಪಾರ ಮಾಡುವ ಭಟ್ಕಳದವರೊಬ್ಬರು ತಮ್ಮ ಉಳಿತಾಯದಿಂದ ಎರಡು ಲಕ್ಷ ರೂಪಾಯಿಯನ್ನು ಬ್ಯಾಂಕಿನ ಮೂಲಕ ಊರಿನ ಶಾಲೆಗೆ ಕಳುಹಿಸಿದರೆ, ಕಾನೂನಿನ ಲೆಕ್ಕದಲ್ಲಿ ಅದು ವಿದೇಶಿ ದೇಣಿಗೆಯಲ್ಲ. ಅವರ ಬಳಿ ಇರುವುದು ಭಾರತದ ಪಾಸ್‌ಪೋರ್ಟ್. ಶಿರಸಿ ಸೀಮೆಯ ಹಳ್ಳಿಯಿಂದ ಹೋಗಿ ಅಮೆರಿಕದ ಪೌರತ್ವ ಪಡೆದವರೊಬ್ಬರು ತಾವು ಅಕ್ಷರ ಕಲಿತ ಶಾಲೆಗೆ ಅಷ್ಟೇ ಹಣ ಕಳುಹಿಸಿದರೆ ಅದು ವಿದೇಶಿ ದೇಣಿಗೆ. ಸಾಗರೋತ್ತರ ಭಾರತೀಯ ಪೌರರ ಕಾರ್ಡ್ ಇದ್ದರೂ ಇದು ಬದಲಾಗುವುದಿಲ್ಲ. ಶಾಲೆ ನಡೆಸುವ ಸಂಘ ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು, ಇಲ್ಲವೇ ಆ ಒಂದು ದೇಣಿಗೆಗೆಂದೇ ಪೂರ್ವಾನುಮತಿ ಪಡೆಯಬೇಕು. ನೋಂದಣಿ ಬೇಕೆಂದರೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು. ಆ ಮೂರು ವರ್ಷಗಳಲ್ಲಿ ತನ್ನ ಉದ್ದೇಶಕ್ಕಾಗಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಣ ಮೊದಲು ಬಂದಿಳಿಯಬೇಕಾದದ್ದು ಶಿರಸಿಯ ಬ್ಯಾಂಕಿಗಲ್ಲ, ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ.

ಎಫ್‌ಸಿಆರ್‌ಎ ಎಂಬ ನಾಲ್ಕಕ್ಷರದಲ್ಲಿ ಪ್ರಸಿದ್ಧವಾದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಇಷ್ಟು ಬಿಗಿಯಾಗಲು ದೇಶದ ಸಾರ್ವಭೌಮತ್ವದ ರಕ್ಷಣೆಯೇ ಕಾರಣ ಎನ್ನುತ್ತದೆ ಸರ್ಕಾರ. ಈ ಭಯವನ್ನು ಕಟ್ಟುಕಥೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಉಪ್ಪಿನ ಸತ್ಯಾಗ್ರಹ ಮಾಡಿದ ಅಂಕೋಲೆಯವರಿಗೆ, ಕರ ನಿರಾಕರಿಸಿ ಮನೆ ಜಮೀನು ಕಳೆದುಕೊಂಡ ಅಂಕೋಲೆ–ಸಿದ್ದಾಪುರದ ರೈತರಿಗೆ ಸಾರ್ವಭೌಮತ್ವ ಬರೀ ಭಾಷಣದ ಮಾತಾಗಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಹೊರಗಿನ ನೆರವು ದೇಶದ ಕೈ ತಿರುಚಿದ್ದುಂಟು. ಆದರೆ ಆ ಭಯ ಹುಟ್ಟಿದ ಜಾಗ ಒಂದು, ಕಾಯ್ದೆ ಹೋಗಿ ಹಿಡಿದ ಜಾಗ ಇನ್ನೊಂದು. ಅದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದ ಸಂಸತ್ತು 1954ರಲ್ಲಿ ಪಿ.ಎಲ್. 480 ಎಂಬ ಕಾನೂನು ಮಾಡಿತು. ಅಲ್ಲಿನ ರೈತರು ಬೆಳೆದು ಮಿಕ್ಕ ಧಾನ್ಯವನ್ನು ಬಡ ದೇಶಗಳಿಗೆ ಅವುಗಳ ನಾಣ್ಯದಲ್ಲಿಯೇ ಮಾರುವ ಏರ್ಪಾಡು ಅದು. ಭಾರತ 1956ರ ಆಗಸ್ಟ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಡಾಲರ್ ಕೊಡಬೇಕಿಲ್ಲ, ರೂಪಾಯಿ ಸಾಕು. ವಿದೇಶಿ ವಿನಿಮಯವಿಲ್ಲದ ದೇಶಕ್ಕೆ ಅದು ದೊಡ್ಡ ಅನುಕೂಲವೇ ಆಗಿತ್ತು. 1965 ಮತ್ತು 1966ರಲ್ಲಿ ಒಂದರ ಮೇಲೊಂದು ಬರ ಬಂದಾಗ ಆ ಅನುಕೂಲದ ಬೆಲೆ ಏನೆಂದು ತಿಳಿಯಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ಗೋಧಿಯ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಬಿಡುಗಡೆ ಮಾಡತೊಡಗಿದರು. ಭಾರತ ಕೃಷಿ ನೀತಿ ಬದಲಿಸಬೇಕೆಂಬುದು ಒಂದು ಒತ್ತಡ. ವಿಯೆಟ್ನಾಂ ಯುದ್ಧದ ಬಗ್ಗೆ ನಮ್ಮವರು ಆಡಿದ ಮಾತು ಅವರಿಗೆ ಹಿಡಿಸಲಿಲ್ಲ ಎಂಬುದು ಇನ್ನೊಂದು. 1966ರಲ್ಲಿ ಸುಮಾರು 1 ಕೋಟಿ ಟನ್ ಆಹಾರಧಾನ್ಯ ಹೊರಗಿನಿಂದ ಬಂತು. ಹಡಗು ಬಂದರಷ್ಟೇ ಊಟ ಎಂಬ ಸ್ಥಿತಿ. ಆ ವರ್ಷದ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಯಿತು: ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು 7 ರೂಪಾಯಿ 50 ಪೈಸೆಗೆ ಹೋಯಿತು. ನೆರವು ನೀಡುವ ದೇಶಗಳು ಮತ್ತು ವಿಶ್ವಬ್ಯಾಂಕ್ ಅದಕ್ಕಾಗಿ ಒತ್ತಾಯಿಸಿದ್ದವು. ಸೋಮವಾರ ಸಂಜೆ ಒಂದು ಹೊತ್ತು ಊಟ ಬಿಡಿ ಎಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕರೆಕೊಟ್ಟದ್ದು ಈ ಕಾಲದಲ್ಲಿಯೇ. ಹಸಿರು ಕ್ರಾಂತಿಯ ಹಿಂದಿನ ಹಟಕ್ಕೆ ಈ ಅವಮಾನವೂ ಒಂದು ಕಾರಣವಾಗಿತ್ತು.

ಇದಕ್ಕೂ ಮೊದಲು ಬೊಕಾರೊ ಉಕ್ಕಿನ ಕಾರ್ಖಾನೆಯ ವಿಷಯದಲ್ಲಿ ಇಂಥದೇ ಆಗಿತ್ತು. ಸಾರ್ವಜನಿಕ ವಲಯದ ಕಾರ್ಖಾನೆಗೆ ನಮ್ಮ ತೆರಿಗೆ ಹಣ ಏಕೆ ಎಂದು ಅಮೆರಿಕದ ಸಂಸದರು ವಿರೋಧಿಸಿದರು. 1963ರಲ್ಲಿ ಭಾರತ ತನ್ನ ಕೋರಿಕೆಯನ್ನೇ ಹಿಂತೆಗೆದುಕೊಂಡಿತು. ಮುಂದೆ ಸೋವಿಯತ್ ಒಕ್ಕೂಟ ನೆರವಿಗೆ ಬಂತು. ದೂರದ ಒಂದು ಸಂಸತ್ತಿನಲ್ಲಿ ನಡೆದ ಚರ್ಚೆ ನಮ್ಮ ಕೈಗಾರಿಕಾ ನೀತಿಯನ್ನು ತಟ್ಟಿತ್ತು.

ಈ ಎರಡೂ ಪ್ರಸಂಗಗಳಲ್ಲಿ ಹಣ ಅಥವಾ ಧಾನ್ಯ ಬಂದದ್ದು ಸರ್ಕಾರದಿಂದ ಸರ್ಕಾರಕ್ಕೆ. ಯಾವುದೋ ಹಳ್ಳಿಯ ಸಂಘಕ್ಕಲ್ಲ. ಸಂಘಗಳ ಕಡೆಗೆ ಕಣ್ಣು ತಿರುಗಿದ್ದು 1967ರ ನಂತರ. ಆ ವರ್ಷ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹಲವು ಸಾಂಸ್ಕೃತಿಕ ಮತ್ತು ವಿದ್ಯಾರ್ಥಿ ಸಂಸ್ಥೆಗಳಿಗೆ ಗುಟ್ಟಾಗಿ ಹಣ ಹರಿಸುತ್ತಿದ್ದದ್ದು ಅಮೆರಿಕದ ಪತ್ರಿಕೆಗಳಲ್ಲಿಯೇ ಬಯಲಾಯಿತು. ಭಾರತದಲ್ಲಿ ಕಚೇರಿ ಹೊಂದಿದ್ದ ಏಷ್ಯಾ ಫೌಂಡೇಶನ್ ಕೂಡ ಅವುಗಳಲ್ಲಿ ಒಂದಾಗಿತ್ತು. ಅದೇ ವರ್ಷದ ಚುನಾವಣೆಯಲ್ಲಿ ಹೊರದೇಶಗಳ ಹಣ ಓಡಾಡಿದೆ ಎಂಬ ಆರೋಪದ ಮೇಲೆ ಗೃಹ ಸಚಿವ ವೈ.ಬಿ. ಚವಾಣ್ ತನಿಖೆ ಮಾಡಿಸಿದರು. ಎಡ, ಬಲ ಎನ್ನದೆ ಹಲವು ಪಕ್ಷಗಳ ಹೆಸರು ಅದರಲ್ಲಿದ್ದವೆಂದು ಸುದ್ದಿಯಾಯಿತು. ವರದಿಯನ್ನು ಮಾತ್ರ ಸರ್ಕಾರ ಪ್ರಕಟಿಸಲಿಲ್ಲ.

ಕಾಯ್ದೆ ಬಂದದ್ದು ತುರ್ತುಪರಿಸ್ಥಿತಿಯ ನಡುವೆ. 1976ರ ಆಗಸ್ಟ್ 5ರಂದು ಅದು ಜಾರಿಗೆ ಬಂತು. ಚುನಾವಣೆಯ ಅಭ್ಯರ್ಥಿಗಳು, ಶಾಸಕರು, ಸಂಸದರು, ರಾಜಕೀಯ ಪಕ್ಷಗಳು, ಸರ್ಕಾರಿ ನೌಕರರು, ಪತ್ರಿಕೆಗಳ ಸಂಪಾದಕರು, ಅಂಕಣಕಾರರು, ವ್ಯಂಗ್ಯಚಿತ್ರಕಾರರು ವಿದೇಶಿ ದೇಣಿಗೆ ಪಡೆಯುವಂತಿಲ್ಲ ಎಂದು ಅದು ಹೇಳಿತು. ಉಳಿದ ಸಂಘಸಂಸ್ಥೆಗಳು ಪಡೆಯಬಹುದು, ಲೆಕ್ಕ ಒಪ್ಪಿಸಿದರೆ ಸಾಕಿತ್ತು. ಈ ಮೊದಲ ರೂಪದಲ್ಲಿ ಒಂದು ನ್ಯಾಯವಿತ್ತು. ಮತ ಕೇಳುವವರು, ಆಳುವವರು, ಸುದ್ದಿ ಬರೆಯುವವರು ಹೊರಗಿನ ಹಣಕ್ಕೆ ಕೈಯೊಡ್ಡಬಾರದು ಎಂಬುದನ್ನು ಯಾರಾದರೂ ಒಪ್ಪುತ್ತಾರೆ.

ನಂತರ ತಕ್ಕಡಿ ವಾಲಿತು. ಇಂದಿರಾ ಗಾಂಧಿಯವರು ಅಧಿಕಾರಕ್ಕೆ ಮರಳಿದ ಮೇಲೆ, 1982ರಲ್ಲಿ, ಜಯಪ್ರಕಾಶ ನಾರಾಯಣರ ಒಡನಾಟವಿದ್ದ ಗಾಂಧಿ ಶಾಂತಿ ಪ್ರತಿಷ್ಠಾನದಂತಹ ಸಂಸ್ಥೆಗಳ ವಿಚಾರಣೆಗೆ ಕುದಾಲ್ ಆಯೋಗ ರಚನೆಯಾಯಿತು. 1984ರ ತಿದ್ದುಪಡಿ ಸಂಘಗಳಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿತು. 2010ರ ಹೊಸ ಕಾಯ್ದೆ ಐದು ವರ್ಷಕ್ಕೊಮ್ಮೆ ನವೀಕರಣ ಬೇಕೆಂದಿತು. ಇವೆರಡೂ ಕಾಂಗ್ರೆಸ್ ನಾಯಕತ್ವದ ಸರ್ಕಾರಗಳ ಕೆಲಸ. ಈಗಿನ ಸರ್ಕಾರವೊಂದನ್ನೇ ದೂರುವವರು ಇದನ್ನು ಮರೆಯಬಾರದು.

ಇಷ್ಟೆಲ್ಲ ದೆಹಲಿಯಲ್ಲಿ ನಡೆಯುತ್ತಿದ್ದಾಗ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೊರದೇಶದ ನೆರವು ಬಂದೇ ಇತ್ತು. ಅದರ ಸುತ್ತ ಸಾರ್ವಭೌಮತ್ವದ ಚರ್ಚೆ ಮಾತ್ರ ಎದ್ದಿರಲಿಲ್ಲ.

ನಾರ್ವೆ, ವಿಶ್ವಸಂಸ್ಥೆ ಮತ್ತು ಭಾರತ 1952ರಲ್ಲಿ ಮಾಡಿಕೊಂಡ ಒಪ್ಪಂದದಿಂದ ಕೇರಳದ ಕೊಲ್ಲಂ ಬಳಿ ಇಂಡೋ–ನಾರ್ವೇಜಿಯನ್ ಮೀನುಗಾರಿಕಾ ಯೋಜನೆ ಶುರುವಾಯಿತು. 1960ರ ದಶಕದಲ್ಲಿ ಅದು ಕಣ್ಣೂರು, ಮಂಡಪಂ ಮತ್ತು ನಮ್ಮ ಕಾರವಾರಕ್ಕೆ ವಿಸ್ತರಿಸಿತು. ಮೀನುಗಾರರ ಬದುಕು ಹಸನಾಗಲಿ ಎಂಬುದೇ ಅದರ ಉದ್ದೇಶವಾಗಿತ್ತು. ಕೆಡುಕು ಬಯಸಿ ಬಂದವರು ಅವರಲ್ಲ. ಯಂತ್ರದ ದೋಣಿ, ಮಂಜುಗಡ್ಡೆ, ಶೈತ್ಯೀಕರಣ ಬಂದವು. ಸಿಗಡಿಗೆ ವಿದೇಶಿ ಮಾರುಕಟ್ಟೆ ಸಿಕ್ಕಿತು, ಅದರ ಬೆನ್ನಿಗೆ ತಳ ಗೋರುವ ಟ್ರಾಲ್ ಬೋಟುಗಳು ಹೆಚ್ಚಿದವು. 1970ರ ದಶಕದ ನಡುವಿನಲ್ಲಿ ಕರ್ನಾಟಕ ಕರಾವಳಿಗೆ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು. ಅವು ನಾರ್ವೆಯವರ ಕೊಡುಗೆ ಎನ್ನುವಂತಿಲ್ಲ, ಸರ್ಕಾರದ ಪ್ರೋತ್ಸಾಹ ಮತ್ತು ಬ್ಯಾಂಕ್ ಸಾಲ ಅವುಗಳ ಹಿಂದಿದ್ದವು; ಆದರೆ ದಾರಿ ಅದಾಗಲೇ ತೆರೆದಿತ್ತು. ಬಾಂಗಡೆ ಮತ್ತು ತಾರ್ಲೆಯ ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಬಲೆಗೆ ಬೀಳತೊಡಗಿತು. ಕಾರವಾರದಿಂದ ಭಟ್ಕಳದವರೆಗೆ ಊರಿಗೆ ಊರೇ ಕೂಡಿ ಎಳೆಯುತ್ತಿದ್ದ, ಎಳೆದವರಿಗೆಲ್ಲ ಪಾಲು ಸಿಗುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಹರಿಕಂತ್ರ, ಖಾರ್ವಿ, ಅಂಬಿಗರ ಕೇರಿಗಳಲ್ಲಿ ಪಾಲುದಾರರಾಗಿದ್ದವರು ಬೋಟಿನ ಕೂಲಿಗಳಾದರು. ಯಾವ ಮೀನು, ಯಾವ ಬಲೆ, ಯಾರಿಗೆ ಪಾಲು ಎಂಬುದನ್ನು ತಲೆತಲಾಂತರದಿಂದ ತೀರ್ಮಾನಿಸುತ್ತಿದ್ದವರನ್ನು ಈ ಬದಲಾವಣೆಯ ಯಾವ ಹಂತದಲ್ಲೂ ಯಾರೂ ಕೇಳಲಿಲ್ಲ.

ಘಟ್ಟದ ಮೇಲಿನ ಕಥೆ ಇನ್ನೂ ಸ್ಪಷ್ಟ. ಕೆನರಾದ ಸಾಗುವಾನಿಯನ್ನು ಬ್ರಿಟಿಷರು ಹಡಗು ಕಟ್ಟಲು ಸಾಗಿಸಿದ್ದರು. ಸ್ವಾತಂತ್ರ್ಯದ ನಂತರವೂ ಕಡಿಯುವಿಕೆ ನಿಲ್ಲಲಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿಗೆ ಹೊರಗಿನ ಹಣ ಬೇಕಾಗಿರಲಿಲ್ಲ, ಗೇಣು ದೂರದಲ್ಲಿದ್ದ ಕಾಡು ಸಾಕಾಗಿತ್ತು. 1990ರ ದಶಕದ ಆರಂಭದಲ್ಲಿ ಅದೇ ಕಾಡುಗಳಿಗೆ ಬ್ರಿಟಿಷ್ ಸರ್ಕಾರದ ನೆರವಿನ ಪಶ್ಚಿಮ ಘಟ್ಟ ಅರಣ್ಯ ಮತ್ತು ಪರಿಸರ ಯೋಜನೆ ಬಂತು. ಮೊದಲು ಬಂದದ್ದು ಉತ್ತರ ಕನ್ನಡಕ್ಕೆ. 1993ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿತು, ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಕಾಡಿನ ನಿರ್ವಹಣೆಯಲ್ಲಿ ಜನರಿಗೆ ಪಾಲು ಎಂಬ ಮಾತು ಸರ್ಕಾರಿ ಕಾಗದದಲ್ಲಿ ಬಂದದ್ದು ಒಳ್ಳೆಯದೇ ಆಯಿತು. ನೆಟ್ಟದ್ದು ಮಾತ್ರ ಬಹುಪಾಲು ಅಕೇಶಿಯಾ. ಅಡಿಕೆ ತೋಟದ ಎಕರೆಗೆ ಇಷ್ಟೆಂದು ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ಅನುಭವಿಸುತ್ತಿದ್ದವರು, ಗೋಮಾಳ ನಂಬಿದ್ದವರು, ಬೆತ್ತ–ಬಿದಿರು ನಂಬಿದ್ದವರು ಒಬ್ಬೊಬ್ಬರೂ ಒಂದೊಂದು ಕೇಳಿದರು. ಸಮಿತಿಯ ಕಾರ್ಯದರ್ಶಿ ಅರಣ್ಯ ಇಲಾಖೆಯವರೇ. ನೆರವಿನ ಅವಧಿ ಮುಗಿದ ಮೇಲೆ ಬಹಳಷ್ಟು ಸಮಿತಿಗಳು ಹೆಸರಿಗಷ್ಟೇ ಉಳಿದವು.

ಈ ಯಾವ ಹಣಕ್ಕೂ ಎಫ್‌ಸಿಆರ್‌ಎ ಅಡ್ಡಬರುವುದಿಲ್ಲ. ಸರ್ಕಾರಗಳ ನಡುವಿನ ನೆರವು ಅದರ ವ್ಯಾಪ್ತಿಯಲ್ಲಿಲ್ಲ. ವಿಶ್ವಬ್ಯಾಂಕ್, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಕಾಯ್ದೆಯ ಪ್ರಕಾರ ವಿದೇಶಿ ಮೂಲವೇ ಅಲ್ಲ. ದೊಡ್ಡ ಹಣ, ದೊಡ್ಡ ಷರತ್ತು ಬರುವ ಬಾಗಿಲು ತೆರೆದೇ ಇದೆ.

ವಿರೋಧದ ದನಿಯನ್ನು ವಿದೇಶಿ ಹಣಕ್ಕೆ ಕಟ್ಟುವ ರೂಢಿ 2012ರಿಂದ ಬಲವಾಯಿತು. ಕೂಡಂಕುಳಂ ಅಣುಸ್ಥಾವರದ ವಿರುದ್ಧದ ಹೋರಾಟದ ಹಿಂದೆ ಅಮೆರಿಕದ ಸ್ವಯಂಸೇವಾ ಸಂಸ್ಥೆಗಳಿವೆ ಎಂದು ಪ್ರಧಾನಿ ಮನಮೋಹನ್ ಸಿಂಗ್ ಆ ವರ್ಷದ ಸಂದರ್ಶನವೊಂದರಲ್ಲಿ ಹೇಳಿದರು. 2014ರಲ್ಲಿ ಸೋರಿಕೆಯಾದ ಗುಪ್ತಚರ ದಳದ ವರದಿ, ಇಂತಹ ಸಂಸ್ಥೆಗಳ ಚಳವಳಿಗಳಿಂದ ದೇಶದ ಆರ್ಥಿಕ ಬೆಳವಣಿಗೆ ವರ್ಷಕ್ಕೆ ಶೇ 2ರಿಂದ 3ರಷ್ಟು ಕುಗ್ಗುತ್ತಿದೆ ಎಂದಿತು. 2015ರಲ್ಲಿ ಗ್ರೀನ್‌ಪೀಸ್ ಇಂಡಿಯಾದ ನೋಂದಣಿ ರದ್ದಾಯಿತು. ನಮ್ಮ ಜಿಲ್ಲೆಯ ಕೈಗಾ ಅಣುಸ್ಥಾವರದ ವಿರುದ್ಧದ ಹೋರಾಟ ಕಂಡ ನಮಗೆ ಈ ಮಾತು ನೋವು ತರುತ್ತದೆ. ಕೈಗಾ ಬೇಡ ಎಂದವರಲ್ಲಿ ಶಿವರಾಮ ಕಾರಂತರಿದ್ದರು. 1989ರ ಲೋಕಸಭಾ ಚುನಾವಣೆಯಲ್ಲಿ ಇಳಿವಯಸ್ಸಿನಲ್ಲಿ ಇದೇ ಜಿಲ್ಲೆಯಿಂದ ಅವರು ಸ್ಪರ್ಧಿಸಿದರು. ಬೇಡ್ತಿ ಅಣೆಕಟ್ಟು ಬೇಡ ಎಂದವರು ತೋಟಿಗರು, ಅವರ ಸಹಕಾರಿ ಸಂಘಗಳು. ಈ ನೆಲದ ಜನ ತಮ್ಮ ನದಿಯ ಬಗ್ಗೆ ಮಾತನಾಡಲು ಹೊರಗಿನವರ ಕಾಸಿಗೆ ಕಾದವರಲ್ಲ.

ರಾಜಕೀಯ ಪಕ್ಷಗಳ ವಿಷಯಕ್ಕೆ ಬಂದಾಗ ಸಂಸತ್ತು ನಡೆದುಕೊಂಡ ರೀತಿಯನ್ನು ಓದುಗರು ಗಮನಿಸಬೇಕು. ಲಂಡನ್ ಮೂಲದ ವೇದಾಂತ ಸಮೂಹದ ಕಂಪನಿಗಳಿಂದ ದೇಣಿಗೆ ಪಡೆದು ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ 1976ರ ಕಾಯ್ದೆಯನ್ನು ಮುರಿದಿವೆ ಎಂದು ದೆಹಲಿ ಹೈಕೋರ್ಟ್ 2014ರ ಮಾರ್ಚ್‌ನಲ್ಲಿ ಹೇಳಿತು. ಶಿಕ್ಷೆಯಾಗಲಿಲ್ಲ, ಕಾಯ್ದೆಯೇ ಬದಲಾಯಿತು. 2016ರ ಹಣಕಾಸು ಕಾಯ್ದೆಯ ಮೂಲಕ ವಿದೇಶಿ ಮೂಲದ ವ್ಯಾಖ್ಯೆಯನ್ನು ಪೂರ್ವಾನ್ವಯವಾಗಿ ಸಡಿಲಿಸಲಾಯಿತು. ಅದು 2010ರವರೆಗೆ ಮಾತ್ರ ಹಿಂದೆ ಹೋಗುತ್ತಿದ್ದರಿಂದ 2018ರಲ್ಲಿ ಮತ್ತೊಂದು ತಿದ್ದುಪಡಿ ತಂದು 1976ರ ಆಗಸ್ಟ್ 5ಕ್ಕೆ ಒಯ್ಯಲಾಯಿತು. ಆ ವರ್ಷದ ಹಣಕಾಸು ಮಸೂದೆಗೆ ಲೋಕಸಭೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ಕಾಯ್ದೆ ಹುಟ್ಟಿದ್ದೇ ಚುನಾವಣೆಯಲ್ಲಿ ಹೊರಗಿನ ಹಣ ತಡೆಯಲು. ಪಕ್ಷಗಳಿಗೆ ಬೇಕಾದಾಗ ಅದೇ ಗೋಡೆಯನ್ನು ನಾಲ್ಕು ದಶಕ ಹಿಂದಕ್ಕೆ ಹೋಗಿ ಕೆಡವಲಾಯಿತು.

2020ರ ಸೆಪ್ಟೆಂಬರ್‌ನಲ್ಲಿ ಸಂಘಗಳಿಗೆ ಇನ್ನಷ್ಟು ಬಿಗಿ ಬಂತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಯೊಂದು ಪಡೆದ ಹಣವನ್ನು ಸಣ್ಣ ಸಂಸ್ಥೆಗೆ ಹಂಚುವುದು ನಿಷಿದ್ಧವಾಯಿತು. ಈ ಎರಡನೆಯದೇ ಹಳ್ಳಿಗಳಿಗೆ ಹೊಡೆತ. ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಕೆಲಸ ಮಾಡುವ ಸಣ್ಣ ಸಂಘಕ್ಕೆ ವಿದೇಶಿ ದಾನಿಗಳನ್ನು ಹುಡುಕುವ ಶಕ್ತಿ ಎಲ್ಲಿಂದ ಬರಬೇಕು? ಬೆಂಗಳೂರು, ದೆಹಲಿಯ ಸಂಸ್ಥೆಗಳ ಮೂಲಕವೇ ಹಣ ಅಲ್ಲಿಗೆ ಇಳಿಯುತ್ತಿತ್ತು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಹೊರಗಿನಿಂದ ನೆರವು ಬಂದರೂ ತಳಮಟ್ಟದ ಸಂಘಗಳಿಗೆ ದಾಟಿಸಲು ಈ ನಿಷೇಧ ಅಡ್ಡಿಯಾಯಿತು.

ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿದೆ. ಬಂದ್, ಹರತಾಳ, ರಸ್ತೆ ತಡೆಯಂತಹ ಕ್ರಮಗಳಿಂದ ಜನರ ಬೇಡಿಕೆಯನ್ನು ಬೆಂಬಲಿಸಿದ ಮಾತ್ರಕ್ಕೆ ಸಂಘವೊಂದು ರಾಜಕೀಯ ಸಂಘಟನೆಯಾಗುವುದಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಹೇಳಿತು. ವಿದೇಶಿ ದೇಣಿಗೆ ಪಡೆಯುವುದು ಯಾರ ಪರಮ ಹಕ್ಕೂ ಅಲ್ಲ ಎಂದು 2022ರ ಏಪ್ರಿಲ್ 8ರಂದು 2020ರ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಹಕ್ಕಲ್ಲ ಎಂಬುದನ್ನು ಒಪ್ಪೋಣ. ಆದರೆ ನಿಯಮ ಎಲ್ಲರಿಗೂ ಒಂದೇ ಇರಬೇಕಲ್ಲವೇ?

ಅಮೆರಿಕದಲ್ಲಿಯೂ ಇಂಥ ಕಾಯ್ದೆಯಿದೆ ಎಂಬ ಸಮರ್ಥನೆ ಆಗಾಗ ಕೇಳಿಬರುತ್ತದೆ. ನಾಜಿ ಪ್ರಚಾರದ ಭಯದಿಂದ 1938ರಲ್ಲಿ ಅವರು ಮಾಡಿದ ಕಾಯ್ದೆ, ಹೊರದೇಶದ ಪರವಾಗಿ ಕೆಲಸ ಮಾಡುವವರು ಹೆಸರು ನೋಂದಾಯಿಸಿ ಲೆಕ್ಕ ಬಹಿರಂಗಪಡಿಸಬೇಕು ಎನ್ನುತ್ತದೆ. ಸಮಾಜಸೇವೆಗೆ ಹಣ ಪಡೆಯಲು ಸರ್ಕಾರದ ಅಪ್ಪಣೆ ಬೇಕು ಎನ್ನುವುದಿಲ್ಲ. ಆ ದೇಶವೇ ಈಗ ನೆರವಿನಿಂದ ಕೈತೆಗೆದಿದೆ. 1961ರಿಂದ ನಡೆದುಬಂದ ಅದರ ನೆರವು ಸಂಸ್ಥೆ ಯುಎಸ್‌ಎಐಡಿ 2025ರ ಜುಲೈ 1ರಂದು ಕೆಲಸ ನಿಲ್ಲಿಸಿತು. ಭಾರತವೂ 2003ರಲ್ಲಿಯೇ ಸಣ್ಣ ದೇಶಗಳ ನೆರವು ಬೇಡವೆಂದಿತ್ತು, 2004ರ ಸುನಾಮಿಯಲ್ಲಿ ವಿದೇಶಿ ಸರ್ಕಾರಗಳ ನೆರವನ್ನು ನಯವಾಗಿ ನಿರಾಕರಿಸಿತ್ತು. ಪಿ.ಎಲ್. 480ರ ದಿನಗಳ ಅಸಹಾಯಕ ದೇಶ ಇದಲ್ಲ.

ಹಾಗಾಗಿ ನನ್ನ ಒತ್ತಾಯ ಇಷ್ಟು. ಕಾರವಾರದ ಬಂದರಿಗೋ ಶಿರಸಿಯ ಕಾಡಿಗೋ ಹೊರದೇಶದ ಅಥವಾ ಅಂತರರಾಷ್ಟ್ರೀಯ ಬ್ಯಾಂಕಿನ ಹಣ ಬರುವುದಾದರೆ, ಒಪ್ಪಂದದ ಪ್ರತಿ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಲಿ, ಸಹಿ ಬೀಳುವ ಮೊದಲು. ಪಕ್ಷಗಳಿಗೆ 2016 ಮತ್ತು 2018ರಲ್ಲಿ ಕೊಟ್ಟ ವಿನಾಯಿತಿಯನ್ನು ಸಂಸತ್ತು ಹಿಂತೆಗೆದುಕೊಳ್ಳಲಿ. ಸಣ್ಣ ಸಂಘಗಳ ಲೆಕ್ಕ ಈಗಿನಂತೆ ಪರಿಶೀಲನೆಯಾಗಲಿ, ಆದರೆ ನೋಂದಣಿ ನಿರಾಕರಿಸಿದಾಗ ಕಾರಣವನ್ನು ವಿವರವಾಗಿ ಬರೆದು ಕೊಡಲಿ, ಮೇಲ್ಮನವಿಗೆ ಗೃಹ ಸಚಿವಾಲಯದ ಹೊರಗಿನ ಸ್ವತಂತ್ರ ಪೀಠ ಇರಲಿ. ಮರು ಹಂಚಿಕೆಯ ನಿಷೇಧವನ್ನು ಕನಿಷ್ಠ ಪ್ರವಾಹ ಮತ್ತು ಭೂಕುಸಿತದ ಪರಿಹಾರದ ಮಟ್ಟಿಗಾದರೂ ಸಡಿಲಿಸಲಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಯ ದಡದಲ್ಲಿ ಮೊದಲು ಓಡಿ ಬಂದವರು ಸುತ್ತಲಿನ ಊರಿನವರೇ. ಅವರು ಕಟ್ಟಿಕೊಳ್ಳುವ ಸಂಘಕ್ಕೆ ಮೂರು ವರ್ಷದ ವಯಸ್ಸೂ ಇರುವುದಿಲ್ಲ, 15 ಲಕ್ಷದ ಖರ್ಚಿನ ಲೆಕ್ಕವೂ ಇರುವುದಿಲ್ಲ.