ಯೋಗ ಚಿಕಿತ್ಸೆಯಾದ ಬಗೆ

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾದಾಗ, ಅದರ ಹೊಣೆ ಹೊತ್ತಿದ್ದ ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು ಎರಡು ಬಗೆಯ ಕೆಲಸವನ್ನು ಜೊತೆಜೊತೆಯಾಗಿ ನಡೆಸಬೇಕಾಯಿತು. ಹುಡುಗರಿಗೆ ಆಸನ ಕಲಿಸಿ, ಪ್ರದರ್ಶನಗಳ ಮೂಲಕ ಜನರನ್ನು ಯೋಗದತ್ತ ಸೆಳೆಯುವುದು ಒಂದಾದರೆ, ಕಾಯಿಲೆ ಹೇಳಿಕೊಂಡು ಬಂದವರಿಗೆ ಅವರವರ ದೇಹಸ್ಥಿತಿ ನೋಡಿ ಅಭ್ಯಾಸ ಹೇಳಿಕೊಡುವುದು ಇನ್ನೊಂದು. 1934ರಲ್ಲಿ ಅವರು ಕನ್ನಡದಲ್ಲಿ ಪ್ರಕಟಿಸಿದ ಕೃತಿಯಲ್ಲಿ ಆಸನಗಳ ವಿಧಾನದೊಂದಿಗೆ ಅವುಗಳಿಂದ ಶಮನವಾಗುವ ರೋಗಗಳ ವಿವರವೂ ಇದೆ. ಆ ಮಾತುಗಳಿಗೆ ಶಾಸ್ತ್ರ ಮತ್ತು ಗುರುವಿನ ಅನುಭವವೇ ಆಧಾರವಾಗಿದ್ದವು.

ಅದೇ ವರ್ಷ ಮೈಸೂರಿನಲ್ಲಿದ್ದ ಅಕ್ಕನ ಮನೆಗೆ ಬಂದ ಕೋಲಾರ ಸೀಮೆಯ ಬೆಳ್ಳೂರಿನ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್, ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ಸೊರಗಿದ್ದವರು. ಕೃಷ್ಣಮಾಚಾರ್ಯರು ಅವರ ಭಾವನೇ ಆಗಿದ್ದರು. 1937ರಲ್ಲಿ ಪುಣೆಗೆ ಹೋದ ಅಯ್ಯಂಗಾರ್ ಮುಂದೆ ಹಗ್ಗ, ಪಟ್ಟಿ, ಕುರ್ಚಿ, ಮರದ ಇಟ್ಟಿಗೆಗಳ ಆಸರೆಯಲ್ಲಿ ಬಗ್ಗದ ದೇಹವೂ ನೋವಿಲ್ಲದೆ ಆಸನದಲ್ಲಿ ನಿಲ್ಲುವಂತೆ ಮಾಡಿದರು. ಅವರ ಮೈಮಣಿತದ ಚಿತ್ರಗಳು ಎಷ್ಟೇ ಪ್ರಸಿದ್ಧವಾಗಿರಲಿ, ರೋಗಿಗಳ ಪಾಲಿಗೆ ಆ ಕುರ್ಚಿಯೇ ದೊಡ್ಡ ಕೊಡುಗೆ ಎಂದು ನನಗೆ ಅನಿಸುತ್ತದೆ.

ಯೋಗವನ್ನು ಉಪಕರಣಗಳಿಂದ ಅಳೆಯುವ ಕೆಲಸ ಇದಕ್ಕೂ ಮೊದಲೇ ಶುರುವಾಗಿತ್ತು. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಹೊಟ್ಟೆಯನ್ನು ಒಳಕ್ಕೆಳೆದು ಅದರ ಸ್ನಾಯುಗಳನ್ನು ಆಡಿಸುವ ಉಡ್ಡಿಯಾನ, ನೌಲಿಯಂಥ ಕ್ರಿಯೆಗಳ ವೇಳೆ ಹೊಟ್ಟೆಯೊಳಗೆ ಆಗುವ ಬದಲಾವಣೆಯನ್ನು ಎಕ್ಸ್-ರೇ ಮತ್ತು ಒತ್ತಡಮಾಪಕಗಳಿಂದ ಪರೀಕ್ಷಿಸಿದರು. 1935ರಲ್ಲಿ ಫ್ರಾನ್ಸಿನ ಹೃದ್ರೋಗತಜ್ಞೆ ತೆರೇಸ್ ಬ್ರಾಸ್ ಭಾರತಕ್ಕೆ ಬಂದು ಯೋಗಿಗಳ ಇಸಿಜಿ (ಹೃದಯದ ವಿದ್ಯುತ್ ಚಟುವಟಿಕೆಯ ದಾಖಲೆ) ತೆಗೆದರು. ಆದರೆ ಆ ಕಾಲದ ಕುತೂಹಲವೆಲ್ಲ ಪವಾಡದ ಸುತ್ತಲೇ ಇತ್ತು: ಯೋಗಿ ತನ್ನ ಹೃದಯವನ್ನು ನಿಲ್ಲಿಸಬಲ್ಲನೇ? ಸಂಶೋಧಕರಾದ ವೆಂಗರ್, ಬಾಗ್ಚಿ ಮತ್ತು ಆನಂದ್ 1961ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಉಸಿರು ಹಿಡಿದು ಎದೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿಯೂ ಎದೆಬಡಿತದ ಸದ್ದೂ ಸಿಗದಂತಾಗುತ್ತವೆ. ಇಸಿಜಿಯಲ್ಲಿ ಮಾತ್ರ ಹೃದಯದ ಚಟುವಟಿಕೆ ಎಂದಿನಂತೆ ದಾಖಲಾಗುತ್ತಲೇ ಇರುತ್ತದೆ. ಈ ಉತ್ತರ ದೊರೆತದ್ದು ಯೋಗಕ್ಕೇ ಒಳ್ಳೆಯದಾಯಿತು. ಅಪರೂಪದ ಯೋಗಿಯನ್ನು ಬಿಟ್ಟು ಸಾಮಾನ್ಯ ರೋಗಿಯತ್ತ ಸಂಶೋಧಕರ ಗಮನ ಹರಿಯಿತು.

ಆ ತಿರುವಿನಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಡಾ. ಆರ್. ನಾಗರತ್ನ ಮತ್ತು ಡಾ. ಎಚ್.ಆರ್. ನಾಗೇಂದ್ರ ಅವರು 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಸ್ತಮಾ ಇದ್ದ 53 ಮಂದಿಗೆ ಎರಡು ವಾರ ಆಸನ, ಪ್ರಾಣಾಯಾಮ, ಧ್ಯಾನಗಳ ತರಬೇತಿ ಕೊಟ್ಟು, ದಿನಕ್ಕೆ 65 ನಿಮಿಷ ಅಭ್ಯಾಸ ಮಾಡುವಂತೆ ಹೇಳಲಾಗಿತ್ತು. ವಯಸ್ಸು, ಲಿಂಗ, ರೋಗದ ತೀವ್ರತೆಗಳಲ್ಲಿ ಇವರನ್ನು ಹೋಲುವ ಇನ್ನೂ 53 ಮಂದಿ ಎಂದಿನ ಔಷಧಿಯನ್ನಷ್ಟೇ ಮುಂದುವರಿಸಿದರು. ಯೋಗ ಮಾಡಿದವರಲ್ಲಿ ಉಬ್ಬಸದ ಆಕ್ರಮಣಗಳೂ ಔಷಧಿಯ ಬಳಕೆಯೂ ಹೆಚ್ಚು ತಗ್ಗಿದವು. ಆದರೂ ಒಂದು ಅನುಮಾನಕ್ಕೆ ಎಡೆಯಿತ್ತು: ಗುಣ ಬಂದದ್ದು ಯೋಗದಿಂದಲೋ, ಯಾರೋ ಕೂರಿಸಿಕೊಂಡು ಅಕ್ಕರೆಯಿಂದ ಹೇಳಿಕೊಟ್ಟದ್ದರಿಂದಲೋ?

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಅಧ್ಯಯನಗಳು ಮುಖ್ಯವಾಗುವುದು ಇಲ್ಲಿಯೇ, ಏಕೆಂದರೆ ಅಲ್ಲಿ ಯೋಗವನ್ನು ಬೇರೊಂದು ಚಿಕಿತ್ಸೆಯ ಎದುರಿಗಿಟ್ಟು ನೋಡಲಾಯಿತು. 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೀವ್ರ ಖಿನ್ನತೆಯಿಂದ ಆಸ್ಪತ್ರೆಗೆ ದಾಖಲಾಗಿದ್ದ 45 ಮಂದಿಯನ್ನು ತಲಾ 15ರ ಮೂರು ಗುಂಪುಗಳಾಗಿ ಮಾಡಿ, ಒಂದಕ್ಕೆ ಇಸಿಟಿ (ಮೆದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ), ಒಂದಕ್ಕೆ ಖಿನ್ನತೆ ತಗ್ಗಿಸುವ ಇಮಿಪ್ರಮಿನ್ ಮಾತ್ರೆ, ಒಂದಕ್ಕೆ ಲಯಬದ್ಧ ಉಸಿರಾಟದ ಸುದರ್ಶನ ಕ್ರಿಯೆ ನೀಡಲಾಯಿತು. ನಾಲ್ಕು ವಾರಗಳ ಕೊನೆಗೆ ಚೇತರಿಸಿಕೊಂಡವರ ಪ್ರಮಾಣ ಕ್ರಮವಾಗಿ ಶೇ. 93, 73 ಮತ್ತು 67. ಉಸಿರಾಟದ ಅಭ್ಯಾಸವೊಂದು ಮಾತ್ರೆಯ ಸಮೀಪಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಈ ಅಧ್ಯಯನವನ್ನು ವೇದಿಕೆಗಳಲ್ಲಿ ಉದಾಹರಿಸುವವರು ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇಸಿಟಿ ಎಂಬುದನ್ನೂ, ಪ್ರತಿ ಗುಂಪಿನಲ್ಲಿ ಇದ್ದವರು ಹದಿನೈದೇ ಜನ ಎಂಬುದನ್ನೂ ಹೇಳಿದರೆ ಒಳ್ಳೆಯದು.

2007ರ ಇನ್ನೊಂದು ಅಧ್ಯಯನ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದ 61 ಮಂದಿಯ ಕುರಿತದ್ದು. ಅದರಲ್ಲಿ ಒಂದು ಗುಂಪಿಗೆ ಯೋಗವನ್ನೂ ಇನ್ನೊಂದಕ್ಕೆ ದೈಹಿಕ ವ್ಯಾಯಾಮವನ್ನೂ ಕಲಿಸಲಾಗಿತ್ತು, ಎಂದರೆ ಕಲಿಸುವವರ ಅಕ್ಕರೆ ಎರಡೂ ಕಡೆ ಇತ್ತು. ನಾಲ್ಕು ತಿಂಗಳ ನಂತರ ರೋಗಲಕ್ಷಣಗಳಲ್ಲೂ ಜೀವನದ ಗುಣಮಟ್ಟದಲ್ಲೂ ಯೋಗದ ಗುಂಪು ಮುಂದಿತ್ತು. ಶೀರ್ಷಿಕೆಯಲ್ಲೇ ಸಂಶೋಧಕರು ಇದನ್ನು ಪೂರಕ ಚಿಕಿತ್ಸೆ ಎಂದು ಕರೆದಿದ್ದರು.

ಹೀಗೆ ಆಸ್ಪತ್ರೆಯೊಳಗೆ ಬಂದ ಮೇಲೆ ಯೋಗಕ್ಕೂ ಪಥ್ಯ ಅಂಟಿಕೊಂಡಿತು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ ಶೀರ್ಷಾಸನ ಹೇಳಿಕೊಡುವುದಿಲ್ಲ, ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರಿಗೆ, ಮೂರ್ಛೆರೋಗದವರಿಗೆ ರಭಸದ ಉಸಿರಾಟದ ಕಪಾಲಭಾತಿ, ಭಸ್ತ್ರಿಕಾ ಬೇಡವೆನ್ನುತ್ತಾರೆ. ಇಲ್ಲದ ದನಿಗಳು ಕೇಳಿಸುವ ಸ್ಥಿತಿಯಲ್ಲಿರುವವರನ್ನು ಕಣ್ಣು ಮುಚ್ಚಿ ದೀರ್ಘ ಧ್ಯಾನಕ್ಕೆ ಕೂರಿಸದೆ, ಕಣ್ಣು ತೆರೆದು ಮಾಡುವ ಸರಳ ಆಸನಗಳಿಂದ ಆರಂಭಿಸುವುದೇ ಕ್ಷೇಮ. ಮಾತ್ರೆಯನ್ನು ಕಡಿಮೆ ಮಾಡುವ ನಿರ್ಧಾರ ವೈದ್ಯರದು, ಯೋಗ ಶಿಕ್ಷಕರದಲ್ಲ.