ಕಾಣದ ಅರ್ಧ ಕಪ್ಪಾಗಿರುವುದಿಲ್ಲ

ಎಡಗಣ್ಣು ಮುಚ್ಚಿಕೊಳ್ಳಿ. ಎರಡೂ ತೋಳುಗಳನ್ನು ಮುಂದಕ್ಕೆ ಚಾಚಿ ಹೆಬ್ಬೆರಳುಗಳನ್ನು ಅಕ್ಕಪಕ್ಕ ನಿಲ್ಲಿಸಿ. ಬಲಗಣ್ಣಿನ ನೋಟ ಎಡ ಹೆಬ್ಬೆರಳಿನ ಮೇಲೇ ನೆಟ್ಟಿರಲಿ. ಬಲ ಹೆಬ್ಬೆರಳನ್ನು ಮಾತ್ರ ಮೆಲ್ಲಗೆ ಬಲಕ್ಕೆ ಸರಿಸುತ್ತಾ ಹೋಗಿ. ಸುಮಾರು 15 ಸೆಂಟಿಮೀಟರ್ ಸರಿದಾಗ ಅದರ ತುದಿ ಮಾಯವಾಗುತ್ತದೆ. ದೃಷ್ಟಿನರ ಕಣ್ಣಿನಿಂದ ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳಿಲ್ಲ, ಬೆರಳಿನ ಬಿಂಬ ಬಿದ್ದದ್ದು ಅಲ್ಲಿಗೆ. ಹಾಗೆಂದು ಅಲ್ಲೊಂದು ತೂತು ಕಾಣಿಸಿತೇ? ಇಲ್ಲ. ಹಿಂದಿನ ಗೋಡೆಯ ಬಣ್ಣವನ್ನೇ ತಂದು ಮಿದುಳು ತೇಪೆ ಹಾಕಿಬಿಟ್ಟಿತು.

ನೋಟ ಕುಂದಿದವರಿಗೆ ಮತ್ತೆ ನೋಡಿ ಬಾಳಲು ಕಲಿಸುವ ದೃಷ್ಟಿ ಪುನಶ್ಚೇತನದ ಮೊದಲ ತೊಡಕು ಈ ತೇಪೆಯೇ. ನಮ್ಮ ಎಡಕ್ಕಿರುವುದೆಲ್ಲ, ಎರಡೂ ಕಣ್ಣುಗಳ ಮೂಲಕ, ಮಿದುಳಿನ ಬಲ ಅರ್ಧದ ಹಿಂಬದಿಗೆ ಹೋಗಿ ಸೇರುತ್ತದೆ. ರಷ್ಯಾ–ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ತಗುಲಿಯೂ ಬದುಕುಳಿದ ಸೈನಿಕರನ್ನು ಪರೀಕ್ಷಿಸಿದ ಜಪಾನಿನ ವೈದ್ಯ ತತ್ಸುಜಿ ಇನೌಯೆ, ಹಿಂದಲೆಯ ಯಾವ ಜಾಗಕ್ಕೆ ಪೆಟ್ಟಾದರೆ ನೋಟದ ಯಾವ ಭಾಗ ಹೋಗುತ್ತದೆ ಎಂಬ ನಕ್ಷೆಯನ್ನು 1909ರಲ್ಲೇ ಪ್ರಕಟಿಸಿದ್ದರು. ಪಾರ್ಶ್ವವಾಯುವಿನಿಂದ ಬಲ ಅರ್ಧದ ಆ ಹಿಂಬದಿ ಕೆಟ್ಟರೆ ಕಣ್ಣು ಪೂರ್ತಿ ಚೆನ್ನಾಗಿದ್ದರೂ ಎಡ ಅರ್ಧ ಲೋಕ ಕಾಣುವುದಿಲ್ಲ. ಅದು ಕಪ್ಪು ಪರದೆಯಂತೆ ಇರುವುದಿಲ್ಲ, ನಿಮ್ಮ ತಲೆಯ ಹಿಂದಿರುವುದು ನಿಮಗೆ ಕಪ್ಪಾಗಿ ಕಾಣದಂತೆಯೇ. ಆದ್ದರಿಂದಲೇ ಎಷ್ಟೋ ಜನ ‘ಎಡಗಣ್ಣು ಮಂಜಾಗಿದೆ’ ಎಂದು ದೂರುತ್ತಾರೆ, ಕನ್ನಡಕ ಬದಲಿಸುತ್ತಾರೆ. ಬಾಗಿಲಿನ ಚೌಕಟ್ಟಿಗೆ ಭುಜ ತಾಗಿದಾಗಲೆಲ್ಲ ಮನೆಯವರು ‘ನೋಡಿಕೊಂಡು ನಡೆಯಬಾರದೇ’ ಎನ್ನುತ್ತಾರೆ. ಆ ಮಾತು ಎಷ್ಟು ಅನ್ಯಾಯದ್ದು ಎಂದು ಹೇಳಲೇಬೇಕು.

ಹೋದ ಅರ್ಧ ಮರಳುತ್ತದೆಯೇ? ಮೊದಲ ಕೆಲವು ತಿಂಗಳಲ್ಲಿ ತಾನಾಗಿಯೇ ಒಂದಿಷ್ಟು ಮರಳುವುದುಂಟು. ಆರು ತಿಂಗಳು ಕಳೆದ ಮೇಲೆ ಅದು ಅಪರೂಪ. ಕಂಪ್ಯೂಟರ್ ಅಭ್ಯಾಸದಿಂದ ಕುರುಡು ಭಾಗವನ್ನೇ ಎಬ್ಬಿಸುತ್ತೇವೆ ಎನ್ನುವವರಿದ್ದಾರೆ, ಅದಕ್ಕೆ ಗಟ್ಟಿ ಆಧಾರ ಇನ್ನೂ ಸಿಕ್ಕಿಲ್ಲ. ಹೆಚ್ಚು ನೆರವಾಗುವುದು ಉಳಿದ ನೋಟವನ್ನು ಬಳಸುವ ಕಲಿಕೆ. ಕಾಣದ ಬದಿಗೆ ಕಣ್ಣು ಹಾಯಿಸಿ ಎಂದರೆ ಬಹುತೇಕರು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಡಕಾಡುತ್ತಾರೆ, ಅಷ್ಟರಲ್ಲಿ ಎದುರಿನವರು ಬಂದು ಢಿಕ್ಕಿಯಾಗಿರುತ್ತದೆ. ತರಬೇತಿಯಲ್ಲಿ ಕಲಿಸುವುದು ಇದರ ತಿರುವುಮುರುವು: ಮೊದಲು ಒಂದೇ ನೆಗೆತಕ್ಕೆ ಕಣ್ಣನ್ನು ಕಾಣದ ಬದಿಯ ಅಂಚಿಗೆ ಎಸೆಯುವುದು, ಅಲ್ಲಿಂದ ಹುಡುಕುತ್ತಾ ಹಿಂದಿರುಗುವುದು. ವಾರಗಟ್ಟಲೆ, ಅದು ರೂಢಿಯಾಗುವವರೆಗೆ.

ಓದು ಬೇರೆಯೇ ಕಷ್ಟ. ಎಡದಿಂದ ಬಲಕ್ಕೆ ಓದುವಾಗ ಕಣ್ಣು ಮುಂದಿನ ಪದಗಳನ್ನು ಆಗಲೇ ಮಸುಕಾಗಿ ಸವರಿರುತ್ತದೆ. ಬಲ ಅರ್ಧ ಹೋದವರಿಗೆ ಆ ಮುನ್ನೋಟವಿಲ್ಲ, ಪ್ರತಿ ಪದವೂ ಗೋಡೆಯ ಹಿಂದಿನಿಂದ ಬಂದಂತೆ. ಎಡ ಅರ್ಧ ಹೋದವರು ಸಾಲನ್ನು ಓದಿಬಿಡುತ್ತಾರೆ, ಮುಂದಿನ ಸಾಲಿನ ಆರಂಭ ಸಿಗುವುದಿಲ್ಲ. ಅಂಥವರಿಗೆ ಪುಟದ ಎಡ ಅಂಚಿನಲ್ಲಿ ಗಾಢ ಬಣ್ಣದ ಒಂದು ಪಟ್ಟಿ ಇಟ್ಟರೆ ಸಾಕಷ್ಟು ಸುಲಭ: ಆ ಪಟ್ಟಿ ಕಾಣುವವರೆಗೂ ಕಣ್ಣು ಎಡಕ್ಕೆ ಹೋಗಬೇಕು. ಪುಟವನ್ನೇ ಅಡ್ಡ ತಿರುಗಿಸಿ ಮೇಲಿಂದ ಕೆಳಕ್ಕೆ ಓದುವವರೂ ಇದ್ದಾರೆ.

ಇದಕ್ಕೆ ಹತ್ತಿರವೆನಿಸಿದರೂ ಪೂರ್ತಿ ಬೇರೆಯದು ಗಮನದ ನಷ್ಟ. ಸಾಮಾನ್ಯವಾಗಿ ಬಲ ಮಿದುಳಿಗೆ ಪೆಟ್ಟಾದಾಗ ಬರುತ್ತದೆ. ನೋಟವಿದ್ದರೂ ಎಡಬದಿ ಅವರ ಲೆಕ್ಕಕ್ಕೇ ಇಲ್ಲ. ಮುಖದ ಬಲ ಅರ್ಧ ಮಾತ್ರ ಕ್ಷೌರವಾಗಿರುತ್ತದೆ. ಫ್ರಾನ್ಸಿನ ಈವ್ ರೊಸೆಟ್ಟಿ ಮತ್ತು ಸಂಗಡಿಗರು 1998ರಲ್ಲಿ ಇಂಥವರಿಗೆ ದೃಶ್ಯವನ್ನು 10 ಡಿಗ್ರಿ ಬಲಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿ, ಕೆಲವು ನಿಮಿಷ ಗುರಿ ಮುಟ್ಟಿಸಿದರು. ಕೈ ತನ್ನನ್ನು ಎಡಕ್ಕೆ ತಿದ್ದಿಕೊಂಡಿತು. ಕನ್ನಡಕ ತೆಗೆದ ಮೇಲೂ ಗಮನ ಎಡಕ್ಕೆ ವಾಲಿಯೇ ಇತ್ತು. ನಂತರದ ಪ್ರಯೋಗಗಳಲ್ಲಿ ಫಲ ಒಂದೇ ಸಮನಾಗಿರಲಿಲ್ಲ, ಆದರೂ ನನಗೆ ಇದು ಈಗಲೂ ಅಚ್ಚರಿಯ ಸಂಗತಿ.

ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪರದೆಯಾದ ರೆಟಿನಾದ ನಡುಭಾಗ ಸವೆದವರ ಪಾಡು ಅರ್ಧ ನೋಟ ಹೋದವರಿಗಿಂತ ಬೇರೆ. ಅಂಚು ಕಾಣುತ್ತದೆ, ನೇರ ನೋಡಿದ್ದು ಅಳಿಸಿಹೋಗುತ್ತದೆ. ಅವರು ನೋಟವನ್ನು ತುಸು ಪಕ್ಕಕ್ಕೆ ಸರಿಸಿ ರೆಟಿನಾದ ಆರೋಗ್ಯವಂತ ಜಾಗದಿಂದ ನೋಡುವುದನ್ನು ಕಲಿಯುತ್ತಾರೆ. ಜೊತೆಗೆ ಭೂತಗನ್ನಡಿ, ಹೆಚ್ಚು ಬೆಳಕು, ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣ. ಮಾತಾಡುವಾಗ ಅವರ ಕಣ್ಣು ನಿಮ್ಮ ಕಿವಿಯ ಕಡೆಗಿದ್ದರೆ ಬೇಸರಿಸಬೇಡಿ, ಅವರು ನಿಮ್ಮ ಮುಖವನ್ನೇ ನೋಡುತ್ತಿದ್ದಾರೆ.

ತೇಪೆ ಹಾಕುವ ಮಿದುಳು ಕೆಲವೊಮ್ಮೆ ಇನ್ನೂ ಮುಂದೆ ಹೋಗುತ್ತದೆ. ದೃಷ್ಟಿ ಕುಂದಿದ ತಮ್ಮ ಅಜ್ಜನಿಗೆ ಇಲ್ಲದ ಮನುಷ್ಯರು, ಹಕ್ಕಿಗಳು, ಕಟ್ಟಡಗಳು ಕಾಣಿಸುತ್ತಿದ್ದುದನ್ನು ಸ್ವಿಟ್ಜರ್ಲೆಂಡಿನ ಶಾರ್ಲ್ ಬೊನೆ 1760ರಲ್ಲಿ ದಾಖಲಿಸಿದರು. ಅಜ್ಜನ ಬುದ್ಧಿ ಸ್ವಸ್ಥವಾಗಿತ್ತು, ಅವು ನಿಜವಲ್ಲವೆಂದು ಅವರಿಗೇ ಗೊತ್ತಿತ್ತು. ಇಂದಿಗೂ ಇದು ಆಗುವವರು ಹುಚ್ಚೆನ್ನುತ್ತಾರೆಂಬ ಭಯದಿಂದ ಬಾಯಿ ಬಿಡುವುದಿಲ್ಲ. ನೀವೇ ಕೇಳಿ. ಇದಕ್ಕೆ ‘ಶಾರ್ಲ್ ಬೊನೆ ಸಿಂಡ್ರೋಮ್’ ಎಂಬ ಹೆಸರಿದೆ ಎಂದು ತಿಳಿದರೇ ಎಷ್ಟೋ ಜನರ ಎದೆ ಹಗುರಾಗುತ್ತದೆ. ದೀಪ ಹಾಕಿದರೆ, ಅಥವಾ ಕಣ್ಣನ್ನು ಒಂದೆರಡು ಸಲ ಎಡಕ್ಕೂ ಬಲಕ್ಕೂ ಆಡಿಸಿದರೆ, ಆ ಅತಿಥಿಗಳು ಕೆಲವೊಮ್ಮೆ ಹೊರಟೂ ಹೋಗುತ್ತಾರೆ.