ಒಂದು ಬಟ್ಟಲು ಹೆರೆದ ಮಂಜುಗಡ್ಡೆಗೆ ಅಷ್ಟು ಉದ್ದದ ಸಾಲು ಏಕೆ?

ಓದುಗರ ಪ್ರಶ್ನೆ: ಜುಲೈ ಕೊನೆಯಲ್ಲಿ ಕುಟುಂಬದೊಂದಿಗೆ ಟೋಕಿಯೊಕ್ಕೆ ಹೋಗುವವರಿದ್ದೇವೆ. ಅಲ್ಲಿ ಕಾಕಿಗೋರಿ ಎಂಬ ಮಂಜುಗಡ್ಡೆಯ ತಿನಿಸಿಗಾಗಿ ಜನರು ಗಂಟೆಗಟ್ಟಲೆ ಸಾಲು ನಿಲ್ಲುತ್ತಾರೆಂದೂ ಒಂದು ಬಟ್ಟಲಿಗೆ 1,500 ಯೆನ್ ಕೊಡಬೇಕಾಗುತ್ತದೆಂದೂ ಕೇಳಿದ್ದೇವೆ. ನಮ್ಮ ಜಾತ್ರೆಯ ಐಸ್ ಗೋಲಾಕ್ಕಿಂತ ಅದು ಅಷ್ಟೊಂದು ಬೇರೆಯೇ? ಹೋಗುವುದಾದರೆ ಏನನ್ನು ತಿಳಿದುಕೊಂಡು ಹೋಗಬೇಕು?

ಉತ್ತರ: ಬೇರೆಯೇ, ಮತ್ತು ಆ ವ್ಯತ್ಯಾಸವಿರುವುದು ಮೇಲೆ ಸುರಿಯುವ ಪಾಕಕ್ಕಿಂತ ಹೆಚ್ಚಾಗಿ ಕೆಳಗಿರುವ ಮಂಜುಗಡ್ಡೆಯಲ್ಲಿ. ಜಪಾನಿನ ಬೇಸಿಗೆಯ ಜಾತ್ರೆಗಳಲ್ಲಿಯೂ ಲೋಟದಲ್ಲಿ ಒರಟು ಮಂಜು ತುಂಬಿ, ಕೆಂಪು, ಹಸಿರು, ನೀಲಿ ಬಣ್ಣದ ಪಾಕ ಸುರಿದು ಕೆಲವೇ ನೂರು ಯೆನ್‌ಗಳಿಗೆ ಕೊಡುತ್ತಾರೆ. ಅದು ನಮ್ಮ ಗೋಲಾದ ಹತ್ತಿರದ ನೆಂಟ. ಆದರೆ ನೀವು ಕೇಳಿರುವ ಸಾಲುಗಳು ಕಾಕಿಗೋರಿಯೊಂದನ್ನೇ ಕಸುಬಾಗಿಸಿಕೊಂಡ ಅಂಗಡಿಗಳ ಮುಂದಿನವು. ಅಲ್ಲಿ 1,000ದಿಂದ 2,000 ಯೆನ್‌ವರೆಗಿನ ಬೆಲೆ ಸಾಮಾನ್ಯ, ಕೆಲವೆಡೆ ಅದಕ್ಕೂ ಹೆಚ್ಚು. ಆ ಹಣ ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು ತಿಳಿಯಲು ಮಂಜುಗಡ್ಡೆಯ ಹುಟ್ಟಿನಿಂದಲೇ ಆರಂಭಿಸಬೇಕು.

ಮನೆಯ ಫ್ರೀಜರಿನಲ್ಲಿ ನೀರು ಎಲ್ಲ ಬದಿಗಳಿಂದಲೂ ಬೇಗಬೇಗನೆ ಹೆಪ್ಪುಗಟ್ಟುತ್ತದೆ. ಆಗ ನೀರಿನಲ್ಲಿ ಕರಗಿದ್ದ ಗಾಳಿಗೂ ಲವಣಗಳಿಗೂ ಹೊರಹೋಗಲು ದಾರಿಯಿಲ್ಲದೆ ಅವು ನಡುವೆ ಸಿಕ್ಕಿಕೊಳ್ಳುತ್ತವೆ. ನಾವು ಕಾಣುವ ಬಿಳಿಯ ಮಬ್ಬು ಅದೇ. ಇಂತಹ ಗಡ್ಡೆಯನ್ನು ಹೆರೆಯಲು ಹೋದರೆ ಅದು ಪುಡಿಯಾಗುತ್ತದೆಯೇ ಹೊರತು ಎಳೆಯಾಗಿ ಬರುವುದಿಲ್ಲ. ಜಪಾನಿನ ಮಂಜುಗಡ್ಡೆ ಕಾರ್ಖಾನೆಗಳು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ನಿಧಾನ: ಶೂನ್ಯಕ್ಕಿಂತ 10 ಡಿಗ್ರಿಯಷ್ಟು ಕೆಳಗಿನ ತಾಪಮಾನದಲ್ಲಿ, ನೀರನ್ನು ಗಾಳಿಯಿಂದ ಕಲಕುತ್ತ, 48 ಗಂಟೆಗಳಿಗೂ ಹೆಚ್ಚು ಕಾಲ ಹೆಪ್ಪುಗಟ್ಟಿಸುತ್ತಾರೆ ಮತ್ತು ಕಲ್ಮಶಗಳು ಬಂದು ಸೇರುವ ನಡುವಿನ ನೀರನ್ನು ಹೊರತೆಗೆದು ಬೇರೆ ನೀರು ತುಂಬುತ್ತಾರೆ. ಹೀಗೆ ಸಿದ್ಧವಾಗುವ ಗಾಜಿನಷ್ಟು ತಿಳಿಯಾದ ಒಂದು ಇಡೀ ಗಡ್ಡೆಯ ತೂಕ ಸಾಮಾನ್ಯವಾಗಿ 135 ಕಿಲೊ.

ಇದಕ್ಕಿಂತಲೂ ಹಳೆಯ ವಿಧಾನವೊಂದು ಇನ್ನೂ ಉಳಿದುಕೊಂಡಿದೆ. ಟೋಕಿಯೊದ ಉತ್ತರಕ್ಕಿರುವ ನಿಕ್ಕೊ, ಸೈತಾಮಾ ಪ್ರಾಂತದ ಚಿಚಿಬು ಸೀಮೆ ಮೊದಲಾದ ಕಡೆ ಚಳಿಗಾಲದಲ್ಲಿ ಬೆಟ್ಟದ ನೆರಳಿನ ಕೊಳಗಳಿಗೆ ಒರತೆಯ ನೀರು ಹಾಯಿಸಿ, ಬರಿಯ ಚಳಿಯಿಂದಲೇ ಮಂಜುಗಡ್ಡೆ ಬೆಳೆಯುತ್ತಾರೆ. ಬೆಳೆಯುವುದು ಎಂಬ ಮಾತನ್ನು ಯೋಚಿಸಿಯೇ ಬರೆದಿದ್ದೇನೆ, ಏಕೆಂದರೆ ಆ ಕೆಲಸ ಬೇಸಾಯದಂತೆಯೇ ಆಕಾಶವನ್ನು ನೆಚ್ಚಿಕೊಂಡಿದೆ. ಹಿಮ ಬಿದ್ದರೆ ರಾತ್ರಿಯಾದರೂ ಎದ್ದು ಗುಡಿಸಬೇಕು, ಇಲ್ಲವಾದರೆ ಅದು ಹೊದಿಕೆಯಂತಾಗಿ ಕೆಳಗಿನ ಗಡ್ಡೆ ದಪ್ಪವಾಗುವುದನ್ನು ತಡೆಯುತ್ತದೆ. ತರಗೆಲೆಗಳನ್ನು ಆಯ್ದು ತೆಗೆಯಬೇಕು. ಕೊಯ್ಲು ಹತ್ತಿರವಾದಾಗ ಮಳೆ ಬಂದರೆ ಅಷ್ಟು ದಿನದ ದುಡಿಮೆಯೆಲ್ಲ ನೀರುಪಾಲು. ಗಡ್ಡೆ ಸುಮಾರು 15 ಸೆಂಟಿಮೀಟರ್ ದಪ್ಪವಾದಾಗ ಕೊಯ್ದು, ಹಿಮುರೊ ಎಂಬ ಮಂಜಿನ ಕಣಜದಲ್ಲಿ ಮರದ ಹೊಟ್ಟು ಮುಚ್ಚಿ ಬೇಸಿಗೆಯವರೆಗೆ ಕಾಪಾಡುತ್ತಾರೆ. ಈ ಕಸುಬನ್ನು ಇಂದಿಗೂ ಮಾಡುವವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಚಿಚಿಬು ಸೀಮೆಯ ನಾಗಾತೊರೊ ಊರಿನ ಅಸಾಮಿ ರೇಜೊ ಎಂಬ ಸಂಸ್ಥೆ 1890ರಿಂದ ನಡೆದುಬಂದಿದೆ. ಚಳಿಗಾಲಗಳು ಬೆಚ್ಚಗಾಗುತ್ತಿರುವ ಈ ದಿನಗಳಲ್ಲಿ ಅವರ ಕೆಲಸ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಬೇಸಿಗೆಯಲ್ಲಿ ಮಂಜು ತಿನ್ನುವುದು ಜಪಾನಿನಲ್ಲಿ ಬಹು ಹಿಂದಿನಿಂದ ಬಂದ ಭೋಗ. ಸುಮಾರು ಸಾವಿರ ವರ್ಷಗಳ ಹಿಂದೆ ಅರಮನೆಯ ಊಳಿಗದಲ್ಲಿದ್ದ ಸೇಯ್ ಶೊನಾಗೊನ್ ಎಂಬ ಲೇಖಕಿ ತನಗೆ ಸೊಗಸೆನಿಸಿದ ವಸ್ತುಗಳನ್ನು ಹೇಳುವಾಗ, ಹೆರೆದ ಮಂಜಿಗೆ ಬಳ್ಳಿಯ ರಸದ ಸಿಹಿ ಪಾಕ ಬೆರೆಸಿ ಹೊಸ ಲೋಹದ ಬಟ್ಟಲಿನಲ್ಲಿ ಇಟ್ಟಿದ್ದನ್ನೂ ಸೇರಿಸಿದ್ದಾಳೆ. ಆಗ ಅದು ಅರಮನೆಯವರಿಗೆ ಮಾತ್ರ ಎಟುಕುತ್ತಿತ್ತು. ಜನಸಾಮಾನ್ಯರ ಕೈಗೆ ಬಂದದ್ದು 19ನೆಯ ಶತಮಾನದಲ್ಲಿ ಉತ್ತರದ ಚಳಿನಾಡಿನ ಹಕೊದಾತೆ ಬಂದರಿನ ಮಂಜುಗಡ್ಡೆ ಹಡಗಿನಲ್ಲಿ ಯೊಕೊಹಾಮಾ ತಲುಪಲು ಆರಂಭವಾದ ಮೇಲೆ. ಈಗ ಜುಲೈ 25ನ್ನು ಕಾಕಿಗೋರಿ ದಿನವೆಂದು ಆಚರಿಸುತ್ತಾರೆ. ಏಳು, ಎರಡು, ಐದು ಎಂಬ ಅಂಕಿಗಳನ್ನು ಬೇಸಿಗೆಯ ಮಂಜು ಎಂಬರ್ಥದ 'ನಾತ್ಸುಗೋರಿ' ಎಂದು ಓದಬಹುದು ಎಂಬುದು ಒಂದು ಕಾರಣ. 1933ರಲ್ಲಿ ಅದೇ ದಿನ ಯಾಮಾಗಾತಾ ನಗರದಲ್ಲಿ 40.8 ಡಿಗ್ರಿ ಬಿಸಿಲು ದಾಖಲಾಗಿತ್ತು ಎಂಬುದು ಇನ್ನೊಂದು. ನಿಮ್ಮ ಪ್ರವಾಸವೂ ಸರಿಯಾಗಿ ಆ ಹೊತ್ತಿಗೇ ಬೀಳುತ್ತದೆ.

ಅಂಗಡಿಯನ್ನು ಗುರುತಿಸುವುದು ಸುಲಭ. ನೀಲಿ ಅಲೆಗಳ ಮೇಲೆ ಮಂಜುಗಡ್ಡೆ ಎಂಬರ್ಥದ ಒಂದೇ ಒಂದು ಕೆಂಪು ಅಕ್ಷರವಿರುವ ಬಿಳಿಯ ಬಾವುಟ ಬಾಗಿಲಲ್ಲಿ ತೂಗುತ್ತಿರುತ್ತದೆ. ಒಳಗೆ ಯಂತ್ರ ಕಾಣುವ ಜಾಗ ಸಿಕ್ಕರೆ ಅಲ್ಲಿಯೇ ಕೂರಿ. ಅತಿಶೀತದಲ್ಲಿರುವ ಗಡ್ಡೆ ಪೆಡಸಾಗಿರುವುದರಿಂದ ಅದನ್ನು ಮೊದಲೇ ಹೊರಗಿಟ್ಟು, ಮೇಲ್ಮೈ ಬೆವರಿ ತಿಳಿಯಾಗುವವರೆಗೆ ಕಾಯುತ್ತಾರೆ. ನಂತರ ಅದನ್ನು ಯಂತ್ರದ ಮುಳ್ಳುಗಳ ಕೆಳಗೆ ಬಿಗಿದು ತಿರುಗಿಸಿದರೆ, ಬಡಗಿಯ ಕೀಸುಳಿಯಿಂದ ಮರದ ಸುರುಳಿ ಏಳುವಂತೆ, ಅಲಗಿನ ಕೆಳಗಿನಿಂದ ಮಂಜಿನ ತೆಳುವಾದ ಹಾಳೆಗಳು ಬೀಳತೊಡಗುತ್ತವೆ. ಒಂದು ಕೈ ಬಟ್ಟಲನ್ನು ಓರೆಯಾಗಿ ಹಿಡಿದು ತಿರುಗಿಸುತ್ತಲೇ ಇರುತ್ತದೆ. ಬಿದ್ದದ್ದನ್ನು ಒತ್ತಿ ಗಟ್ಟಿ ಮಾಡದೆ, ನಡುವೆ ಗಾಳಿ ಉಳಿಯುವಂತೆ ಅಂಗೈಯಿಂದ ಮೆಲ್ಲನೆ ತಡವಿ ಗೋಪುರವನ್ನು ಏರಿಸುತ್ತದೆ. ಅರ್ಧಕ್ಕೆ ನಿಲ್ಲಿಸಿ ಒಂದು ಸೌಟು ಪಾಕ, ಮತ್ತೆ ಮಂಜು, ಮತ್ತೆ ಪಾಕ. ಗಡ್ಡೆ ಸವೆದಂತೆ, ಕೋಣೆಯ ಸೆಕೆ ಏರಿದಂತೆ ಅಲಗಿನ ಓರೆಯನ್ನು ಕೂದಲೆಳೆಯಷ್ಟು ಬದಲಿಸುತ್ತಿರಬೇಕಾಗುತ್ತದೆ, ಅದು ಕೈಗೆ ಮಾತ್ರ ಗೊತ್ತಾಗುವ ವಿದ್ಯೆ. ಟೋಕಿಯೊದ ಯಾನಾಕಾದಲ್ಲಿರುವ ಹಿಮಿತ್ಸುದೊ ಎಂಬ ಅಂಗಡಿ ನಿಕ್ಕೊದ ಮಂಜುಗಡ್ಡೆಯನ್ನು ಇಂದಿಗೂ ಕೈಯಿಂದ ತಿರುಗಿಸುವ ಯಂತ್ರದಲ್ಲಿ ಹೆರೆಯುತ್ತದೆ. ಸಾಲು ಉದ್ದವಾಗುವುದಕ್ಕೆ ಕಾರಣವೂ ಇದೇ: ಮೊದಲೇ ಮಾಡಿಡಲಾಗದ ತಿನಿಸು, ಒಂದಾದ ಮೇಲೆ ಒಂದು ಬಟ್ಟಲು.

ಬೆಟ್ಟದ ಮಂಜನ್ನು ತಿಂದರೆ ತಲೆ ನೋಯುವುದಿಲ್ಲ ಎಂಬ ಮಾತನ್ನು ನೀವು ಅಲ್ಲಿ ಕೇಳಬಹುದು. ತಣ್ಣನೆಯದು ಅಂಗುಳಕ್ಕೆ ಥಟ್ಟನೆ ತಗುಲಿದಾಗ ಅಲ್ಲಿಯ ರಕ್ತನಾಳಗಳು ಕುಗ್ಗಿ ಹಿಗ್ಗುತ್ತವೆ, ಆ ಸುದ್ದಿಯನ್ನು ಮುಖದ ನರ ಹೊತ್ತೊಯ್ದಾಗ ಹಣೆ ಸಿಡಿಯುತ್ತದೆ. ಚೆನ್ನಾಗಿ ಹದಗೊಂಡ ಮಂಜು ಶೂನ್ಯ ಡಿಗ್ರಿಗೆ ಹತ್ತಿರವಿದ್ದು, ತೆಳುವಾಗಿರುವುದರಿಂದ ನಾಲಿಗೆಯ ಮೇಲೆಯೇ ಕರಗಿಬಿಡುತ್ತದೆ. ಅಂಗುಳ ಅಷ್ಟು ತಣಿಯುವುದಿಲ್ಲ. ಆದ್ದರಿಂದ ಹಿರಿಮೆ ಸಲ್ಲಬೇಕಾದದ್ದು ಹದಕ್ಕೂ ಅಲಗಿಗೂ. ನುರಿತ ಕೈಯಲ್ಲಿ ಕಾರ್ಖಾನೆಯ ತಿಳಿಗಡ್ಡೆಯೂ ಅಷ್ಟೇ ಮೃದುವಾಗಿ ಬರುತ್ತದೆ, ಹಾಗಾಗಿ ಬೆಟ್ಟದ ಮಂಜು ಇಲ್ಲವೆಂಬ ಕಾರಣಕ್ಕೆ ಒಳ್ಳೆಯ ಅಂಗಡಿಯನ್ನು ಬಿಡಬೇಡಿ.

ಮೊದಲ ಬಾರಿಗೆ ನಾನು ಸೂಚಿಸುವುದು ಉಜಿ ಕಿಂತೊಕಿಯನ್ನು. ಕಹಿ ಬೆರೆತ ಮಾಚಾ ಚಹಾದ ಪಾಕ, ಜೊತೆಗೆ ಸಕ್ಕರೆಯಲ್ಲಿ ಬೇಯಿಸಿದ ಅಜುಕಿ ಎಂಬ ಕೆಂಪು ಕಾಳು. ಹೋಳಿಗೆಯ ಹೂರಣ ಬಲ್ಲ ನಾಲಿಗೆಗೆ ಆ ಕಾಳಿನ ಸಿಹಿ ಅಪರಿಚಿತವೆನಿಸದು. ಕುರೊಮಿತ್ಸು ಎಂಬ ಕಪ್ಪು ಪಾಕವೂ ನಮ್ಮ ಬೆಲ್ಲದ ಪಾಕದ ಬಳಗದ್ದೇ. ಇಸೆಯ ಕಡೆ ಹೋದರೆ ಅಕಾಫುಕು ಅಂಗಡಿಯಲ್ಲಿ ಮಂಜಿನ ಒಳಗೆ ಮೋಚಿ ಎಂಬ ಅಕ್ಕಿಯ ಅಂಟುಂಡೆಯನ್ನು ಅಡಗಿಸಿ ಕೊಡುತ್ತಾರೆ. ಕಾಗೊಶಿಮಾದ ಶಿರೊಕುಮಾ ಎಂಬ ಬಗೆಯ ಕಾಕಿಗೋರಿಯಲ್ಲಿ ಗಟ್ಟಿ ಹಾಲಿನ ಮೇಲೆ ಹಣ್ಣುಗಳಿರುತ್ತವೆ. ಸಸ್ಯಾಹಾರಿಗಳು ಒಂದು ವಿಷಯದಲ್ಲಿ ಎಚ್ಚರವಹಿಸಬೇಕು: ಕಾಂತೆನ್ ಎಂಬ ಜೆಲ್ಲಿಯಂಥದ್ದು ಕಡಲ ಪಾಚಿಯಿಂದ ಮಾಡಿದ್ದು, ಆದರೆ ಬೇರೆ ಜೆಲ್ಲಿ, ಮೂಸ್, ಮಾರ್ಷ್‌ಮೆಲೋಗಳಲ್ಲಿ ಪ್ರಾಣಿಗಳಿಂದ ಬರುವ ಜೆಲಾಟಿನ್ ಇರಬಹುದು, ಕೆನೆಯ ಕೆಲವು ಬಗೆಗಳಲ್ಲಿ ಮೊಟ್ಟೆಯಿರಬಹುದು, ಕೇಳಿಯೇ ತರಿಸಿಕೊಳ್ಳಿ.

ಹೆಸರಾದ ಅಂಗಡಿಗಳು ಬೆಳಿಗ್ಗೆಯೇ ಸಂಖ್ಯೆಯ ಚೀಟಿ ಕೊಡುವುದುಂಟು. ಅದನ್ನು ಪಡೆದು ಸುತ್ತಾಡಿ ಬಂದರೆ ವಯಸ್ಸಾದವರೂ ಮಕ್ಕಳೂ ಬಿಸಿಲಲ್ಲಿ ಬಾಡುವುದು ತಪ್ಪುತ್ತದೆ. ಟೋಕಿಯೊದ ಜುಲೈ ಸೆಕೆ ನಮ್ಮ ಕರಾವಳಿಯ ಮೇ ತಿಂಗಳಿಗೆ ಏನೂ ಕಡಿಮೆಯಿಲ್ಲ. ಒಬ್ಬೊಬ್ಬರೂ ಒಂದೊಂದು ಬಟ್ಟಲು ತರಿಸಿಕೊಳ್ಳಲೇಬೇಕೆಂಬ ನಿಯಮ ಹಲವೆಡೆ ಇರುತ್ತದೆ, ಮನೆಮಂದಿಯೆಲ್ಲ ಹೋಗುವಾಗ ಅದನ್ನು ಲೆಕ್ಕಕ್ಕೆ ಹಿಡಿದುಕೊಳ್ಳಿ. ಬಟ್ಟಲು ಮುಂದೆ ಬಂದಾಗ ಒಂದು ಫೋಟೊ ಸಾಕು, ಮರುನಿಮಿಷಕ್ಕೇ ಗೋಪುರ ಕುಸಿಯತೊಡಗುತ್ತದೆ. ಚಮಚವನ್ನು ಮೇಲಿನಿಂದ ಚುಚ್ಚದೆ ಬದಿಯಿಂದ ಮೆಲ್ಲನೆ ಸರಿಸಿ, ಮೊದಲ ತುತ್ತನ್ನು ಪಾಕ ತಗುಲದ ಕಡೆಯಿಂದ ತೆಗೆದುಕೊಳ್ಳಿ. ನೀವು ಕಾದದ್ದು ಮುಖ್ಯವಾಗಿ ಆ ರುಚಿಗಾಗಿ. ಹಲವು ಅಂಗಡಿಗಳಲ್ಲಿ ಜೊತೆಗೆ ಬಿಸಿ ಚಹಾ ಕೊಡುತ್ತಾರೆ, ನಡುನಡುವೆ ಒಂದು ಗುಟುಕು ಕುಡಿದರೆ ನಾಲಿಗೆಗೆ ಮತ್ತೆ ಸಿಹಿ ಹತ್ತುತ್ತದೆ. ತಳದಲ್ಲಿ ಉಳಿದ ಕರಗಿದ ಪಾಕವನ್ನು ಬಟ್ಟಲೆತ್ತಿ ಕುಡಿದು, ಹೊರಗೆ ಕಾಯುತ್ತಿರುವವರಿಗೆ ಜಾಗ ಬಿಟ್ಟುಕೊಡಿ.